ಧಾತು–ಈಶ್ವರ ಬರ: ವಾಣಿಜ್ಯನೀತಿಯ ಒಂದು ಪಾಠ

ಕ್ಷಾಮವೆಂದರೆ ಮಳೆಯ ಅಭಾವವೆಂದೇ ಸಾಮಾನ್ಯ ತಿಳಿವಳಿಕೆ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಪೀಡಿಸಿದ ಮಹಾಕ್ಷಾಮದ ಇತಿಹಾಸವನ್ನು ಅವಲೋಕಿಸಿದರೆ ಈ ತಿಳಿವಳಿಕೆ ಅಪೂರ್ಣವೆಂಬುದು ವ್ಯಕ್ತವಾಗುತ್ತದೆ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಒದಗಿದ್ದರಿಂದ ಮೈಸೂರು ಸೀಮೆಯ ಜನ ಅದನ್ನು ‘ಧಾತು–ಈಶ್ವರ ಬರ’ವೆಂದು ಕರೆದರು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆಯಾಗಿತ್ತು.

ಮಳೆ ಕೈಕೊಟ್ಟದ್ದು ನಿಜ. ಪೆಸಿಫಿಕ್ ಸಾಗರದ ನೀರು ಅಸಾಧಾರಣವಾಗಿ ಕಾಯುವ ‘ಎಲ್ ನಿನೊ’ ಆ ವರ್ಷಗಳಲ್ಲಿ ಅತ್ಯಂತ ಪ್ರಬಲವಾಗಿತ್ತೆಂದು ಇಂದಿನ ಹವಾಮಾನ ಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಇಂತಹ ಕಾಲಕ್ಕೆಂದೇ ನಮ್ಮ ರೈತರು ನೆಲದೊಳಗಿನ ಹಗೇವುಗಳಲ್ಲಿ ರಾಗಿಯನ್ನು ತುಂಬಿಡುತ್ತಿದ್ದರು. ಅದು ಹಲವು ವರ್ಷ ಕೆಡದೆ ಉಳಿಯುತ್ತಿತ್ತು. ಆದರೆ ದಿನಗೂಲಿಯಿಂದ ಬದುಕುವವನಿಗೆ ಹಗೇವು ಎಲ್ಲಿಯದು? ಅವನಿಗೆ ಪೇಟೆಯೇ ಗತಿ.

ಆ ಪೇಟೆಯ ವಿಷಯದಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ನನ ನೀತಿ ಸ್ಪಷ್ಟವಾಗಿತ್ತು. ಧಾನ್ಯದ ಬೆಲೆಯನ್ನು ತಗ್ಗಿಸಲು ಸರ್ಕಾರ ಕೈಹಾಕಬಾರದು. ಬೆಲೆ ಏರಿದರೆ ವ್ಯಾಪಾರಿಗಳೇ ಧಾನ್ಯವನ್ನು ತರುವರು. ಮದರಾಸು ಸರ್ಕಾರ 30,000 ಟನ್ ಧಾನ್ಯವನ್ನು ಕೊಂಡಾಗ, ಮುಂದೆ ಕೊಳ್ಳಕೂಡದೆಂದು ಭಾರತ ಸರ್ಕಾರ ತಡೆಯಿತು. ಇದೇ ಅವಧಿಯಲ್ಲಿ ಭಾರತದಿಂದ ಇಂಗ್ಲೆಂಡಿಗೆ ಗೋಧಿಯ ರಫ್ತು ಎಂದಿನಂತೆ ನಡೆದಿತ್ತು. ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಪುರುಷನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಹಣವೇ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಗೊತ್ತುಪಡಿಸಿದನು. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ ಮೇಲೆ, 1877ರಲ್ಲಿ ಅಲ್ಲಿ ಕೂಲಿ ಹೆಚ್ಚಿತು. ಇದೇ ಟೆಂಪಲ್ 1873–74ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಅಸಂಖ್ಯ ಪ್ರಾಣಗಳನ್ನು ಉಳಿಸಿದ್ದನು. ಅದಕ್ಕೆ ಅವನಿಗೆ ದೊರೆತದ್ದು ದುಂದುವೆಚ್ಚದ ಆಪಾದನೆ!

ಬೆಲೆ ಏರಿದಲ್ಲಿಗೆ ಸರಕು ಹೋಗುವುದು ವರ್ತಕರೆಲ್ಲರೂ ಬಲ್ಲ ಮಾತು. ಆದರೆ ಸರಕನ್ನು ಎಳೆಯುವುದು ಹಸಿವಲ್ಲ, ಕೊಳ್ಳುವವನ ಕೈಯಲ್ಲಿರುವ ಹಣ. ಬೆಳೆ ಹೋದ ಹಳ್ಳಿಯಲ್ಲಿ ಕೂಲಿ ಇಲ್ಲ. ಕೂಲಿ ಇಲ್ಲದವನಿಗೆ ರೈಲು ತಂದ ಧಾನ್ಯವೂ ದೂರವೇ. ಮೇವಿಲ್ಲದೆ ಎತ್ತುಗಳು ಸತ್ತಿದ್ದರಿಂದ ನಿಲ್ದಾಣದ ಮೂಟೆಗಳನ್ನು ಒಳನಾಡಿಗೆ ಸಾಗಿಸುವುದೂ ದುಸ್ತರವಾಯಿತು. ಬರವೆಂಬುದು ಧಾನ್ಯದ ಅಭಾವಕ್ಕಿಂತ ಹೆಚ್ಚಾಗಿ ಕೆಲಸದ ಅಭಾವವೆಂದು 1880ರ ಕ್ಷಾಮ ಆಯೋಗವೂ ಒಪ್ಪಿತು. ಅದರ ಫಲವಾಗಿ ಕ್ಷಾಮ ಸಂಹಿತೆಗಳು ರೂಪುಗೊಂಡವು.

ಹಗೇವಿನ ಸಂಗ್ರಹವೂ ಸಂಗ್ರಹವೇ, ಬೆಲೆ ಏರಲೆಂದು ಕಾಯುವ ಮಂಡಿಯ ಸಂಗ್ರಹವೂ ಸಂಗ್ರಹವೇ. ಇವೆರಡರ ಭೇದವನ್ನು ನಮ್ಮ ಆಚಾರ್ಯರು ಅರಿತಿದ್ದರು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ‘ಅತಿಸಂಗ್ರಹ’ವನ್ನು ಎಣಿಸಿದೆ. ಶ್ರಾವಕನಿಗೆ ವ್ಯಾಪಾರ ನಿಷಿದ್ಧವಲ್ಲ; ಪರರ ಸಂಕಟವನ್ನೇ ಲಾಭದ ಮೂಲವಾಗಿಸುವುದು ನಿಷಿದ್ಧ.

ಇಂದು ಪರಿಸ್ಥಿತಿ ಬದಲಾಗಿದೆ. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾಯಿತು. 2013ರ ಆಹಾರ ಭದ್ರತಾ ಕಾಯಿದೆ ಪಡಿತರವನ್ನು ಹಕ್ಕಾಗಿಸಿತು. ಆದರೂ ರಫ್ತು, ಆಮದು, ಬೆಂಬಲ ಬೆಲೆಗಳ ಚರ್ಚೆ ಎದ್ದಾಗಲೆಲ್ಲ ಉಗ್ರಾಣದಲ್ಲಿ ಎಷ್ಟಿದೆಯೆಂದು ಕೇಳಿದರೆ ಸಾಲದು, ಬೆಳೆ ಹೋದ ಊರಿನ ಕೂಲಿಯವನ ಕೈಗೆ ಅದು ಹೇಗೆ ತಲುಪೀತೆಂದೂ ಕೇಳಬೇಕು. ಅನ್ನದಾನಕ್ಕೆ ನಿಧಿಯಿರಿಸಿರುವ ಬಸದಿಗಳ ಟ್ರಸ್ಟುಗಳೂ ಬರದ ವರ್ಷದಲ್ಲಿ ಮೊದಲು ಯೋಚಿಸಬೇಕಾದುದು ಇದನ್ನೇ.