ಬುಟ್ಟಿ ಅಮ್ಮನದು, ಬಿಲ್ಲು ಮಗನದು: ಮನಿ ಆರ್ಡರ್‌ನಿಂದ ಯುಪಿಐ ಸರ್ಕಲ್‌ವರೆಗೆ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ ಕಡೆ ಇರೋ ನಮ್ಮ ಟೆಕ್ಕಿಗಳಿಗೆ ಈ ವ್ಯವಹಾರ ಚೆನ್ನಾಗಿ ಗೊತ್ತು. ಊರಲ್ಲಿ ಅಮ್ಮ ಒಂದು ಮಿಕ್ಸಿ ನೋಡ್ತಾರೆ, ಸ್ಕ್ರೀನ್‌ಶಾಟ್ ಕಳಿಸ್ತಾರೆ. ನಾವು ಐರೋಲಿ ಆಫೀಸಲ್ಲೋ ಡೊಂಬಿವಲಿ ಲೋಕಲ್‌ನಲ್ಲೋ ನಿಂತ್ಕೊಂಡು ಅದೇ ಮಿಕ್ಸಿ ಹುಡುಕಿ, ಊರಿನ ವಿಳಾಸ ಹಾಕಿ ದುಡ್ಡು ಕಟ್ತೀವಿ. ಈಗ ಸ್ಕ್ರೀನ್‌ಶಾಟ್ ಬದಲು ಬುಟ್ಟಿಯನ್ನೇ ಲಿಂಕ್ ಮಾಡಿ ಕಳಿಸೋ ವ್ಯವಸ್ಥೆ ಬರ್ತಾ ಇದೆ. ಆರಿಸೋದು ಒಬ್ಬರು, ಕಟ್ಟೋದು ಇನ್ನೊಬ್ಬರು.

ಇದನ್ನ ಹೊಸ ಫೀಚರ್ ಅಂತ ಮಾರ್ತಾರೆ. ಆದ್ರೆ ನಮ್ಮ ಮನೆಗಳಲ್ಲಿ ಇದು ಅಜ್ಜ-ಅಜ್ಜಿ ಕಾಲದ್ದು. ಮಧ್ಯದಲ್ಲಿ ಇಂಟರ್ನೆಟ್ ಬಂದು ಅದನ್ನ ಕಡಿದು ಹಾಕ್ತು, ಈಗ ಮತ್ತೆ ಜೋಡಿಸ್ತಾ ಇದೆ. ಜೋಡಿಸುವಾಗ ಒಂದು ವಿಷಯ ಬದಲಾಗಿದೆ, ಅದನ್ನ ಹೇಳೋಕೆ ಈ ಮಾತು.

ಚೀಟಿ ಮತ್ತು ಲೆಕ್ಕದ ಪುಸ್ತಕ

ದಿನಸಿ ಅಂಗಡಿಯ ಉದ್ರಿ ಲೆಕ್ಕ ನೆನಪು ಮಾಡ್ಕೊಳ್ಳಿ. ಮನೆಯಾಕೆ ಚೀಟಿ ಬರೀತಾರೆ, ಮಗು ಚೀಟಿ ಹಿಡ್ಕೊಂಡು ಹೋಗುತ್ತೆ, ಅಂಗಡಿಯವರು ಪುಸ್ತಕದಲ್ಲಿ ಬರ್ಕೊಳ್ತಾರೆ, ತಿಂಗಳ ಕೊನೆಗೆ ಯಜಮಾನರು ಲೆಕ್ಕ ಚುಕ್ತಾ ಮಾಡ್ತಾರೆ. ನಮ್ಮ ಭಾಷೇಲಿ ಹೇಳೋದಾದ್ರೆ ಮೂರು ಯೂಸರ್, ಒಂದು ಡೇಟಾಬೇಸ್. ಆರಿಸಿದವರು, ಒಯ್ದವರು, ಕಟ್ಟಿದವರು ಬೇರೆಬೇರೆ. ಯಾರಿಗೂ ಗೊಂದಲ ಇರಲಿಲ್ಲ.

ಇದೇ ಕೆಲಸ ಊರಿಂದ ಊರಿಗೆ ಆಗಬೇಕಾದಾಗ ಅಂಚೆ ಇಲಾಖೆ ಬಂತು. ಭಾರತದಲ್ಲಿ ಅಂಚೆ ಮನಿ ಆರ್ಡರ್ ಶುರುವಾಗಿದ್ದು 1880ರಲ್ಲಿ. ಉಡುಪಿ, ದಕ್ಷಿಣ ಕನ್ನಡದಿಂದ ಮುಂಬೈ ಹೋಟೆಲುಗಳಿಗೆ ಬಂದ ಹುಡುಗರು ತಿಂಗಳು ತಿಂಗಳು ಊರಿಗೆ ದುಡ್ಡು ಮುಟ್ಟಿಸಿದ್ದು ಇದರಲ್ಲೇ. ಕಮಿಷನ್ ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ, ಅಂದ್ರೆ ಶೇ. 5. ಇವತ್ತಿನ ಉಚಿತ ಯುಪಿಐ ಲೆಕ್ಕಕ್ಕೆ ದುಬಾರಿನೇ.

ಆದ್ರೆ ಅದರ ಡಿಸೈನ್ ನೋಡಿ. ಪೋಸ್ಟ್‌ಮನ್ ಮನೆ ಬಾಗಿಲಿಗೆ ಬಂದು ನೋಟು ಎಣಿಸಿ ಕೊಡ್ತಿದ್ರು. ಫಾರ್ಮಿನ ಕೆಳಗೆ ಎರಡು ಸಾಲು ಕ್ಷೇಮಸಮಾಚಾರ ಬರೆಯೋಕೆ ಜಾಗ. ಅಮ್ಮ ಸಹಿ ಹಾಕ್ತಿದ್ರು, ಇಲ್ಲ ಹೆಬ್ಬೆಟ್ಟು ಒತ್ತುತ್ತಿದ್ರು. ಆ ರಸೀದಿ ಮುಂಬೈಗೆ ವಾಪಸ್ ಬರ್ತಿತ್ತು. ಕಳಿಸಿದವನಿಗೆ ಸಿಗ್ತಿದ್ದ ಡೇಟಾ ಅಷ್ಟೇ: ಒಂದು ಸಹಿ. ದುಡ್ಡಲ್ಲಿ ಅಕ್ಕಿ ತಂದ್ರೋ, ಸೀರೆ ತಂದ್ರೋ, ಯಾರಿಗಾದ್ರೂ ಕೈಸಾಲ ಕೊಟ್ರೋ, ಅದು ಅಮ್ಮನ ವಿಚಾರ.

1994: ಆರಿಸಿದವನೇ ಕಟ್ಟಬೇಕು

ಈಗ ಅಮೆರಿಕಕ್ಕೆ ಹೋಗೋಣ, ಯಾಕಂದ್ರೆ ಆನ್‌ಲೈನ್ ಬುಟ್ಟಿಯ ಬೇರು ಅಲ್ಲಿದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿ ಎಂಸಿಐ ಅನ್ನೋ ಟೆಲಿಕಾಂ ಕಂಪನಿಗೋಸ್ಕರ ಒಂದು ಆನ್‌ಲೈನ್ ಅಂಗಡಿ ಕಟ್ತಾ ಇತ್ತು. ವೆಬ್‌ಗೆ ನೆನಪೇ ಇಲ್ಲ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದ್ರೆ ನೀವು ಯಾರು ಅಂತ ಸರ್ವರ್ ಮರೆತುಬಿಡುತ್ತೆ. ಅರ್ಧಂಬರ್ಧ ತುಂಬಿದ ಬುಟ್ಟಿಗಳನ್ನ ತನ್ನ ಸರ್ವರ್‌ನಲ್ಲಿ ಇಟ್ಕೊಳ್ಳೋಕೆ ಎಂಸಿಐಗೆ ಇಷ್ಟ ಇರಲಿಲ್ಲ. ಆಗ ಲೂ ಮೊಂಟುಲಿ ಅನ್ನೋ ಎಂಜಿನಿಯರ್, ಆ ನೆನಪನ್ನ ಗಿರಾಕಿಯ ಬ್ರೌಸರ್‌ನಲ್ಲೇ ಇಟ್ಟುಬಿಡೋಣ ಅಂದ್ರು. ಅದೇ ಕುಕ್ಕಿ.

ಜಾಣ ಪರಿಹಾರ. ಆದ್ರೆ ಅದರ ಬೆನ್ನಿಗೇ ಒಂದು ಊಹೆ ಬಂತು: ಒಂದು ಬ್ರೌಸರ್, ಒಬ್ಬ ಮನುಷ್ಯ, ಆರಿಸಿದವನೇ ಕಟ್ಟುವವನು. ಆಮೇಲೆ ಬುಟ್ಟಿ ಬ್ರೌಸರ್‌ನಿಂದ ಲಾಗಿನ್ ಖಾತೆಗೆ ಬಂದ್ರೂ ಊಹೆ ಹಾಗೇ ಉಳೀತು. ಒಂದು ಬುಟ್ಟಿಗೆ ಇಡೀ ಮನೆ ಕೈ ಹಾಕೋ ನಮ್ಮ ಕುಟುಂಬಕ್ಕೆ ಇದು ಹೊಂದಲೇ ಇಲ್ಲ.

ಹೊಂದಲಿಲ್ಲ ಅನ್ನೋದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಬೆಂಗಳೂರಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂತು. ಇದರ ಅಜ್ಜನೂ ಅಂಚೆಯದೇ, ವಿ.ಪಿ.ಪಿ. ಇದ್ರಿಂದ ಕಾರ್ಡ್ ಇಲ್ಲದವರಿಗೆ ಅನುಕೂಲ ಆಯ್ತು. ಜೊತೆಗೆ ಆರಿಸಿದವರು ಒಬ್ಬರು, ಬಾಗಿಲಲ್ಲಿ ದುಡ್ಡು ಕೊಟ್ಟವರು ಇನ್ನೊಬ್ಬರು ಆಗಬಹುದಿತ್ತು. ಅಮೆಜಾನ್ 2013ರ ಜೂನ್‌ನಲ್ಲಿ ಭಾರತದಲ್ಲಿ ಅಂಗಡಿ ತೆರೆದಾಗ ಅದರ ಮೊದಲ ಗೋದಾಮು ಇದ್ದದ್ದು ನಮ್ಮ ಪಕ್ಕದ ಭಿವಂಡಿಯಲ್ಲಿ. ಕಲ್ಯಾಣ್‌ನಲ್ಲಿ ಕೂತ ಮಗ ದುಡ್ಡು ಕಟ್ಟಿ, ಪಕ್ಕದ ಭಿವಂಡಿಯಿಂದಲೇ ಸಾಮಾನು ಕುಂದಾಪುರಕ್ಕೆ ಹೊರಡೋ ಕಾಲ ಬಂತು.

ಕೇಳುವ ಬಟನ್

2016ರಲ್ಲಿ ಯುಪಿಐ ಬಂತು. ಅದರಲ್ಲಿ ದುಡ್ಡು ಕಳಿಸೋದರ ಜೊತೆ ದುಡ್ಡು ಕೇಳೋ ಸೌಲಭ್ಯವೂ ಇತ್ತು, ಕಲೆಕ್ಟ್ ರಿಕ್ವೆಸ್ಟ್ ಅಂತ. ಆದ್ರೆ ಮೋಸಗಾರರು "ನಿಮಗೆ ದುಡ್ಡು ಬರುತ್ತೆ, ಪಿನ್ ಹಾಕಿ" ಅಂತ ಜನರನ್ನ ನಂಬಿಸಿ ಖಾತೆ ಖಾಲಿ ಮಾಡಿದ್ರು. ಕೊನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಕೇಳೋ ಈ ಸೌಲಭ್ಯವನ್ನ 2025ರ ಅಕ್ಟೋಬರ್ 1ರಿಂದ ಎನ್‌ಪಿಸಿಐ ನಿಲ್ಲಿಸಿತು.

ಬುಟ್ಟಿಯ ಲಿಂಕ್ ಇದಕ್ಕಿಂತ ಸ್ವಲ್ಪ ವಾಸಿ, ಯಾಕಂದ್ರೆ ಏನಕ್ಕೆ ದುಡ್ಡು ಅಂತ ಕಾಣುತ್ತೆ. ಸರ್ವರ್ ಬುಟ್ಟಿಗೆ ಊಹಿಸಲಾಗದಂಥ ಉದ್ದ ನಂಬರ್ ಕೊಡುತ್ತೆ, ಲಿಂಕ್‌ನಲ್ಲಿ ಅದೇ ನಂಬರ್ ಹೋಗುತ್ತೆ, ತೆರೆದವರು ಕಟ್ತಾರೆ. ಹಾಗಂತ ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಅಮ್ಮನ ನಂಬರಿಂದ ಬಂದ್ರೂ ಒಂದು ಫೋನ್ ಮಾಡಿ ಕೇಳಿ. ಇನ್ನೊಂದು ಎಡವಟ್ಟಿದೆ: ಮಿಕ್ಸಿ ಇಷ್ಟ ಆಗದೆ ಅಮ್ಮ ವಾಪಸ್ ಮಾಡಿದ್ರೆ, ರಿಫಂಡ್ ಸಾಮಾನ್ಯವಾಗಿ ಕಟ್ಟಿದವರ ಖಾತೆಗೇ ಬರುತ್ತೆ. ಬೇರೆ ಮಿಕ್ಸಿ ಬೇಕಂದ್ರೆ ಅಮ್ಮ ಮತ್ತೆ ಕೇಳಬೇಕು.

"ಮತ್ತೆ ಕೇಳಬೇಕು" ಅನ್ನೋದೇ ಬದಲಾದ ವಿಷಯ. ಮನಿ ಆರ್ಡರ್‌ನಲ್ಲಿ ಅಮ್ಮ ತಿಂಗಳಿಗೊಮ್ಮೆ ಸಹಿ ಹಾಕಿದ್ರೆ ಮುಗೀತು. ಲಿಂಕ್‌ನಲ್ಲಿ ಪ್ರತಿ ವಸ್ತುವಿಗೂ ಮಗನ ಒಪ್ಪಿಗೆ. ಮಂಡಿನೋವಿನ ಎಣ್ಣೆಯಿಂದ ಹಿಡಿದು ನೈಟಿವರೆಗೆ ಎಲ್ಲ ಅವನ ಕಣ್ಣಿಗೆ. ನಾವು ಏನೂ ಅನ್ನಲ್ಲ, ನಿಜ. ಆದ್ರೆ ಕೇಳೋರಿಗೆ ಸಂಕೋಚ ಇದ್ದೇ ಇರುತ್ತೆ. ಎಷ್ಟೋ ಅಮ್ಮಂದಿರು ಬುಟ್ಟಿ ತುಂಬಿಸಿ ಲಿಂಕ್ ಕಳಿಸದೆ ಸುಮ್ಮನಾಗ್ತಾರೆ. "ಈಗ ಬೇಡ ಬಿಡು ಮಗಾ, ಹಳೇದೇ ನಡೀತದೆ" ಅಂತಾರೆ.

2024ರಲ್ಲಿ ಬಂದ ಯುಪಿಐ ಸರ್ಕಲ್‌ನಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿದೆ. ನಿಮ್ಮ ಖಾತೆಯಿಂದ ಮನೆಯವರು ಕಟ್ಟಬಹುದು. ಒಂದು ಬಗೆಯಲ್ಲಿ ಪ್ರತಿ ಸಲ ನಿಮ್ಮ ಪಿನ್ ಬೇಕು. ಇನ್ನೊಂದರಲ್ಲಿ ಮೊದಲೇ ಮಿತಿ ಹಾಕಿ ಬಿಟ್ಟುಕೊಡಬಹುದು, ಶುರುವಿನ ನಿಯಮದ ಪ್ರಕಾರ ಒಂದು ಸಲಕ್ಕೆ 5,000, ತಿಂಗಳಿಗೆ 15,000 ರೂಪಾಯಿವರೆಗೆ. ಮೊದಲನೆಯದು ಬುಟ್ಟಿಯ ಲಿಂಕ್ ಥರ. ಎರಡನೆಯದು ಹಳೇ ಉದ್ರಿ ಪುಸ್ತಕದ ಥರ, ಕೇಳೋ ಅಗತ್ಯ ಇಲ್ಲ, ಆದ್ರೆ ಲೆಕ್ಕ ಯಜಮಾನನಿಗೆ ಕಾಣುತ್ತೆ. ಮನಿ ಆರ್ಡರ್‌ಗೆ ಸಮ ಆಗೋದು ಒಂದೇ: ತಿಂಗಳ ಮೊದಲ ವಾರ ಅವರದೇ ಖಾತೆಗೆ ದುಡ್ಡು ಹಾಕಿ, ಏನು ತಗೊಂಡ್ರಿ ಅಂತ ಕೇಳದೆ ಇರೋದು.

ಫ್ರಿಡ್ಜು, ಟಿವಿ ಥರದ ದೊಡ್ಡ ಸಾಮಾನಿಗೆ ಲಿಂಕ್ ಒಳ್ಳೇದೇ, ಇಬ್ಬರೂ ನೋಡಿ ತಗೋಬಹುದು. ದಿನನಿತ್ಯದ್ದಕ್ಕೆ ಮಾತ್ರ ದುಡ್ಡು ಅವರ ಕೈಯಲ್ಲಿರಲಿ. ನಮ್ಮ ಹಿಂದಿನವರು ಶೇ. 5 ಕಮಿಷನ್ ಕೊಟ್ಟು ಕಳಿಸಿದ್ದರಲ್ಲಿ ಆ ಸ್ವಾತಂತ್ರ್ಯವೂ ಸೇರಿತ್ತು.