ಎಕ್ಸ್ ವರ್ಣತಂತುವಿನ ಮೌನವೂ ಅದರ ಸ್ಥಿತಿಕಾರಣವೂ

ಸ್ತನಿಗಳ ಸ್ತ್ರೀಕೋಶದಲ್ಲಿ ಎಕ್ಸ್ ಎಂಬ ವರ್ಣತಂತುಗಳು ಎರಡು, ಪುರುಷಕೋಶದಲ್ಲಿ ಒಂದೇ. 1949ರಲ್ಲಿ ಕೆನಡಾದ ಬಾರ್ ಮತ್ತು ಬರ್ಟ್ರಮ್ ಎಂಬವರು ಹೆಣ್ಣುಬೆಕ್ಕಿನ ನರಕೋಶಗಳಲ್ಲಿ, ಗಂಡಿನಲ್ಲಿಲ್ಲದ ಕಪ್ಪು ಬೊಟ್ಟೊಂದನ್ನು ಕಂಡರು. ಅದು ಮುದುಡಿದ ಎಕ್ಸ್ ತಂತುವೇ ಎಂಬುದನ್ನು ಸುಸುಮು ಓನೊ ಮೊದಲಾದವರು 1959ರಲ್ಲಿ ತೋರಿಸಿದರು. 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ಎಂಬ ವಿದುಷಿಯು ಹೆಣ್ಣಿಲಿಗಳ ಮಚ್ಚೆಗೂದಲನ್ನು ವಿಮರ್ಶಿಸಿ, ಭ್ರೂಣದೆಶೆಯಲ್ಲಿಯೇ ಎರಡರಲ್ಲೊಂದು ತಂತುವು ಮೌನವಹಿಸುವುದೆಂದೂ, ಕೋಶದ ಸಂತತಿಯೆಲ್ಲವೂ ಆ ಮೌನವನ್ನೇ ಅನುಸರಿಸುವುದೆಂದೂ ಪ್ರತಿಪಾದಿಸಿದರು.

1991ರಲ್ಲಿ ಎಕ್ಸಿಸ್ಟ್ ಎಂಬ ಜೀನು ತಿಳಿದುಬಂದಿತು. ಅದರ ಆರ್‌ಎನ್‌ಎಯು ತಾನು ಹುಟ್ಟಿದ ತಂತುವನ್ನೇ ಮುಸುಕಿ ಮೌನವನ್ನುಂಟುಮಾಡುವುದು. ಹಾಗಾದರೆ ಆ ಮೌನವನ್ನು ಕಾಯುವುದೂ ಅದೆಯೋ? 1994ರಲ್ಲಿ ಬ್ರೌನ್, ವಿಲ್ಲರ್ಡ್ ಎಂಬವರು ಪರೀಕ್ಷಿಸಲಾಗಿ, ಈ ಜೀನನ್ನು ಕಳೆದುಕೊಂಡ ಮಾನವತಂತುವಿನಲ್ಲಿಯೂ ಮೌನವು ಮುರಿದಿರಲಿಲ್ಲ. ಕುಲಾಲನು ಹೋದರೂ ಘಟವು ನಿಲ್ಲುವುದಷ್ಟೆ!

ಆದರೆ ಈ ದೃಷ್ಟಾಂತವು ಪೂರ್ಣವಲ್ಲ. ಘಟವು ಒಡೆದು ಎರಡು ಘಟಗಳಾಗುವುದಿಲ್ಲ. ಕೋಶವಾದರೋ ವಿಭಾಗಗೊಂಡು ಎರಡಾಗುವುದು. ಪ್ರತಿಸಲವೂ ಡಿಎನ್‌ಎಯ ಮಿಥೈಲ್ ಗುರುತುಗಳು ಹಳೆಯ ಎಳೆಯಿಂದ ಹೊಸ ಎಳೆಗೆ ನಕಲಾಗುವುವು. ಹಿಸ್ಟೋನುಗಳಲ್ಲಿ ಅಸಿಟೈಲ್ ಗುರುತುಗಳು ವಿರಳವಾಗಿಯೇ ಉಳಿಯುವುವು. ಎಕ್ಸಿಸ್ಟ್, ಮಿಥೈಲ್ ಗುರುತು, ಹಿಸ್ಟೋನಿನ ಸ್ಥಿತಿ ಇವು ಪರಸ್ಪರ ಪೋಷಕವೆಂದು 2001ರಲ್ಲಿ ಇಲಿಯ ಕೋಶಗಳಿಂದ ಸಿದ್ಧವಾಯಿತು. ಆದುದರಿಂದ ಉತ್ಪತ್ತಿಗೆ ಕಾರಣವಾದುದೊಂದೇ ಸ್ಥಿತಿಗೂ ಕಾರಣವೆನ್ನಲಾಗದು. ಇಲ್ಲಿ ಸ್ಥಿತಿಗೆ ಬೇಕಾದುದು ಕಾರಣಸಾಮಗ್ರಿಯೇ ಹೊರತು ಏಕಕಾರಣವಲ್ಲ.