ಗಡ್ಡೆಗಟ್ಟುವ ನೇವಾ, ಉಕ್ಕುವ ನೇವಾ

ಸೇಂಟ್ ಪೀಟರ್ಸ್‌ಬರ್ಗ್ ಇರುವುದು ಉತ್ತರ ಅಕ್ಷಾಂಶ 60 ಡಿಗ್ರಿಯ ಹತ್ತಿರ. ಲಡೋಗಾ ಸರೋವರದಿಂದ ಹೊರಡುವ ನೇವಾ ನದಿ ಬರೀ 74 ಕಿ.ಮೀ. ಹರಿದು ಫಿನ್‌ಲೆಂಡ್ ಕೊಲ್ಲಿಯನ್ನು ಸೇರುತ್ತದೆ. ಸೇರುವ ಮೊದಲು ಅದು ಕವಲೊಡೆದು ಮಾಡಿದ ತಗ್ಗು ದ್ವೀಪಗಳ ಮೇಲೆ ರಷ್ಯಾದ ದೊರೆ ಪೀಟರ್ 1703ರಲ್ಲಿ ಈ ನಗರಕ್ಕೆ ಅಡಿಪಾಯ ಹಾಕಿದ. ಪಶ್ಚಿಮದ ಗಾಳಿ ಅಟ್ಲಾಂಟಿಕ್ ಸಾಗರದ ತೇವವನ್ನೂ ಮೋಡವನ್ನೂ ಹೊತ್ತು ತರುತ್ತದೆ. ಗಾಳಿ ಈಶಾನ್ಯಕ್ಕೆ ತಿರುಗಿದರೆ ಕೊರೆಯುವ ಚಳಿ. ಹೀಗಾಗಿ ಚಳಿಗಾಲದ ಒಂದು ವಾರ ಮೈನಸ್ 20 ಡಿಗ್ರಿ, ಮರುವಾರ ಬೀದಿಯೆಲ್ಲ ಕರಗಿದ ಹಿಮದ ಕೆಸರು. ಜನವರಿಯ ಸರಾಸರಿ ಉಷ್ಣತೆ ಮೈನಸ್ 5ರ ಆಸುಪಾಸು, ಜುಲೈನದು 19ರ ಹತ್ತಿರ. ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 660 ಮಿ.ಮೀ. ಮಾತ್ರ. ಆದರೂ ನೆಲ ಸದಾ ಒದ್ದೆ. ಬಿಸಿಲು ಕಡಿಮೆಯಾದ್ದರಿಂದ ಬಿದ್ದ ನೀರು ಬೇಗ ಆರುವುದಿಲ್ಲ.

ಈ ಚಳಿಯನ್ನು ಅಳೆಯುವ ಕೆಲಸ ನಗರದ ಬಾಲ್ಯದಲ್ಲೇ ಶುರುವಾಯಿತು. ಇಲ್ಲಿನ ವಿಜ್ಞಾನ ಅಕಾಡೆಮಿಗೆ ಬಂದ ಫ್ರೆಂಚ್ ಖಗೋಳಜ್ಞ ಡೆಲೀಲ್ 1730ರ ದಶಕದಲ್ಲಿ ತನ್ನದೇ ಪಾದರಸದ ಉಷ್ಣಮಾಪಕವನ್ನು ರೂಪಿಸಿದ. 1759ರ ಡಿಸೆಂಬರಿನ ಕಡುಚಳಿಯಲ್ಲಿ ಅಕಾಡೆಮಿಯ ಬ್ರೌನ್ ಹಿಮಕ್ಕೆ ಆಮ್ಲ ಬೆರೆಸಿ ಉಷ್ಣತೆಯನ್ನು ಇನ್ನಷ್ಟು ಇಳಿಸಿದಾಗ ಉಷ್ಣಮಾಪಕದೊಳಗಿನ ಪಾದರಸವೇ ಗಟ್ಟಿಯಾಯಿತು. ಪಾದರಸವೂ ಇತರ ಲೋಹಗಳಂತೆ ಒಂದು ಲೋಹ ಎಂಬುದು ಆಗ ಕಣ್ಣಿಗೆ ಕಂಡಿತು.

ಜನಸಾಮಾನ್ಯರಿಗೆ ಉಷ್ಣಮಾಪಕಕ್ಕಿಂತ ಮುಖ್ಯವಾದದ್ದು ನದಿ. ಜನರು ದೋಣಿ ನಡೆಸಲು ಕಲಿಯಲಿ ಎಂದು ಪೀಟರ್ ನೇವಾಕ್ಕೆ ಸೇತುವೆಯನ್ನೇ ಕಟ್ಟಿಸಿರಲಿಲ್ಲ. ಆತನ ಕಾಲದ ನಂತರ ದೋಣಿಗಳನ್ನು ಸಾಲಾಗಿ ಜೋಡಿಸಿದ ತೇಲುಸೇತುವೆ ಬಂತು. ನವೆಂಬರ್ ಕೊನೆಗೆ ನದಿ ಹೆಪ್ಪುಗಟ್ಟುವಾಗ ಅದನ್ನು ಬಿಚ್ಚಬೇಕಿತ್ತು. ಏಪ್ರಿಲಿನಲ್ಲಿ ಮಂಜುಗಡ್ಡೆಗಳು ಒಡೆದು ತೇಲಿಬರುವಾಗಲೂ ಬಿಚ್ಚಬೇಕಿತ್ತು. ಆ ದಿನಗಳಲ್ಲಿ ಎರಡು ದಡಗಳಿಗೆ ಸಂಪರ್ಕವೇ ಇರುತ್ತಿರಲಿಲ್ಲ. 1850ರಲ್ಲಿ ಮೊದಲ ಕಾಯಂ ಸೇತುವೆ ತೆರೆಯುವವರೆಗೆ, ಅಂದರೆ ಸುಮಾರು ಒಂದೂವರೆ ಶತಮಾನ, ನಗರ ಹೀಗೆಯೇ ಬದುಕಿತು.

ನದಿ ಪೂರ್ತಿ ಗಟ್ಟಿಯಾದ ಮೇಲೆ ಮಾತ್ರ ಅದೇ ಎಲ್ಲಕ್ಕಿಂತ ಅಗಲವಾದ ರಸ್ತೆ. ಜಾರುಬಂಡಿಗಳು ಅದರ ಮೇಲೆ ಓಡುತ್ತಿದ್ದವು. ಜನ ಅದರಿಂದ ಗಡ್ಡೆ ಕೊಯ್ದು ಬೇಸಿಗೆಗೆಂದು ನೆಲಮಾಳಿಗೆಗಳಲ್ಲಿ ಕೂಡಿಡುತ್ತಿದ್ದರು. 1740ರ ಘೋರ ಚಳಿಗಾಲದಲ್ಲಿ ಅನ್ನಾ ಸಾಮ್ರಾಜ್ಞಿ ಪೂರ್ತಿ ಮಂಜುಗಡ್ಡೆಯ ಮನೆಯೊಂದನ್ನು ಕಟ್ಟಿಸಿ, ವಿದೂಷಕನ ಪಟ್ಟಕ್ಕೆ ಇಳಿಸಿದ್ದ ಒಬ್ಬ ರಾಜಕುಮಾರನಿಗೆ ಬಲವಂತದ ಮದುವೆ ಮಾಡಿಸಿ, ವಧೂವರರನ್ನು ಇಡೀ ರಾತ್ರಿ ಅದರೊಳಗೆ ಕೂಡಿಹಾಕಿದಳು. ಆ ಮನೆಯ ಕುಸುರಿಯನ್ನು ಹೊಗಳಿದವರು ಬಹಳ. ಅದು ಕ್ರೌರ್ಯದ ಮನೆಯಾಗಿತ್ತು ಎಂಬುದನ್ನೂ ಹೇಳಲೇಬೇಕು. 1895ರಿಂದ ಗಡ್ಡೆಯ ಮೇಲೆ ಹಳಿ ಹಾಸಿ ವಿದ್ಯುತ್ ಟ್ರಾಮ್ ಓಡಿಸಿದರು. ನಗರದ ಬೀದಿಗಳ ಹಕ್ಕು ಕುದುರೆ ಟ್ರಾಮ್ ಕಂಪನಿಗಳ ಕೈಯಲ್ಲಿತ್ತು, ಹೆಪ್ಪುಗಟ್ಟಿದ ನದಿಯ ಮೇಲೆ ಮಾತ್ರ ಅವುಗಳ ಹಕ್ಕು ನಡೆಯುತ್ತಿರಲಿಲ್ಲ.

ಗಡ್ಡೆಯ ದಾರಿ ಜೀವ ಉಳಿಸಿದ್ದು ನಗರಕ್ಕೆ ಲೆನಿನ್‌ಗ್ರಾಡ್ ಎಂಬ ಹೆಸರಿದ್ದ ಕಾಲದಲ್ಲಿ. ಜರ್ಮನ್ ಸೇನೆ ನಗರವನ್ನು ಮುತ್ತಿದ್ದಾಗ, 1941ರ ನವೆಂಬರ್ 22ರಂದು ಹೆಪ್ಪುಗಟ್ಟಿದ ಲಡೋಗಾದ ಮೇಲೆ ಲಾರಿಗಳ ಸಂಚಾರ ಶುರುವಾಯಿತು. ಹಸಿದವರನ್ನು ಮನೆಯೊಳಗೇ ಕೊಲ್ಲುತ್ತಿದ್ದ ಅದೇ ಚಳಿ ಸರೋವರದ ಮೇಲೆ ಹಿಟ್ಟಿನ ಮೂಟೆಗಳಿಗೆ ದಾರಿ ಮಾಡಿಕೊಟ್ಟಿತು. ಆ ದಾರಿಗೆ ಉಳಿದ ಹೆಸರು ‘ಬದುಕಿನ ದಾರಿ’.

ವಸಂತದಲ್ಲಿ ನದಿಯ ಗಡ್ಡೆ ಮೊದಲು ಹೋಗುತ್ತದೆ. ಸ್ವಲ್ಪ ದಿನ ಬಿಟ್ಟು ಲಡೋಗಾದ ಗಡ್ಡೆಗಳು ತೇಲಿಬಂದು ಚಳಿಯನ್ನು ಮರಳಿ ತರುತ್ತವೆ. ಹಿಂದೆ ನದಿ ತೆರೆದ ಕೂಡಲೇ ನಗರದ ಕೋಟೆಯಿಂದ ತೋಪು ಹಾರಿಸುತ್ತಿದ್ದರು. ಕೋಟೆಯ ಅಧಿಕಾರಿ ಮೊದಲ ದೋಣಿಯಲ್ಲಿ ದಾಟಿ ಬಟ್ಟಲಿನಲ್ಲಿ ನೇವಾ ನೀರನ್ನು ಅರಮನೆಗೆ ಒಯ್ಯುತ್ತಿದ್ದ. ದೊರೆ ಅದಕ್ಕೆ ಚಿನ್ನದ ನಾಣ್ಯ ಕೊಡುತ್ತಿದ್ದ. ಆ ಮರ್ಯಾದೆ ಈಗಿಲ್ಲ. ಕೋರ್ಯುಷ್ಕಾ ಎಂಬ ಪುಟ್ಟ ಮೀನು ಮಾತ್ರ ಈಗಲೂ ಆಗಲೇ ಬರುತ್ತದೆ, ಮಾರುವ ಕಡೆಯೆಲ್ಲ ಎಳೆ ಸೌತೆಕಾಯಿಯ ವಾಸನೆ. ಜೂನ್ ಹೊತ್ತಿಗೆ ಹಗಲು ಸುಮಾರು 19 ಗಂಟೆ. ಸೂರ್ಯ ಮುಳುಗಿದರೂ ಬೆಳಕು ಆರದ ಬಿಳಿ ರಾತ್ರಿಗಳು. ಡಿಸೆಂಬರಿನಲ್ಲಿ ಹಗಲು 6 ಗಂಟೆಗೂ ಕಡಿಮೆ.

ಬಿರುಗಾಳಿಯ ಶರತ್ಕಾಲ ನೆರೆಯ ಕಾಲ. ಇಲ್ಲಿನ ನೆರೆ ಮಳೆಯಿಂದಲೋ ಕರಗಿದ ಹಿಮದಿಂದಲೋ ಬರುವುದಲ್ಲ, ಸಮುದ್ರದಿಂದ ಬರುವುದು. ಬಾಲ್ಟಿಕ್ ಸಮುದ್ರವನ್ನು ದಾಟುವ ವಾಯುಭಾರ ಕುಸಿತ ಅಲ್ಲಿ ಉದ್ದನೆಯ ಅಲೆಯೊಂದನ್ನು ಎಬ್ಬಿಸುತ್ತದೆ. ಪೂರ್ವಕ್ಕೆ ಬಂದಂತೆ ಕೊಲ್ಲಿ ಕಿರಿದೂ ಆಳವಿಲ್ಲದ್ದೂ ಆಗುವುದರಿಂದ ಅಲೆ ಎತ್ತರವಾಗುತ್ತದೆ. ಪಶ್ಚಿಮದ ಗಾಳಿ ಅದನ್ನು ನದಿಯ ಬಾಯಿಗೆ ತಳ್ಳುತ್ತದೆ. ಸಮುದ್ರಕ್ಕೆ ಇಳಿಯಬೇಕಾದ ನೇವಾ ಊರೊಳಗೆ ಏರುತ್ತದೆ. ಊರು ಕಟ್ಟಿದ ಮೊದಲ ವರ್ಷವೇ ಪಾಳೆಯಕ್ಕೆ ನೀರು ನುಗ್ಗಿತ್ತು. 1706ರಲ್ಲಿ ತನ್ನ ಮನೆಯೊಳಗೆ 21 ಅಂಗುಲ ನೀರು ನಿಂತದ್ದನ್ನು ಪೀಟರನೇ ಪತ್ರದಲ್ಲಿ ಬರೆದ. ಊರಿನ ಜಾಗ ಬದಲಿಸಲಿಲ್ಲ.

1777ರಲ್ಲಿ ನೀರು ಮಾಮೂಲು ಮಟ್ಟಕ್ಕಿಂತ 321 ಸೆಂ.ಮೀ. ಏರಿತು. 1824ರ ನವೆಂಬರ್ 19ರಂದು 421 ಸೆಂ.ಮೀ.; ಅದನ್ನು ಮೀರಿದ ನೆರೆ ಇಂದಿಗೂ ಬಂದಿಲ್ಲ. ಕಡಲಂಚಿನ ತಗ್ಗಿನಲ್ಲಿ ಮರದ ಮನೆ ಕಟ್ಟಿಕೊಂಡಿದ್ದ ಬಡವರ ಕೇರಿಗಳು ಕೊಚ್ಚಿಹೋದವು, ನೂರಾರು ಜನ ಸತ್ತರು. ಪುಷ್ಕಿನ್ 1833ರಲ್ಲಿ ಬರೆದ ‘ಕಂಚಿನ ಸವಾರ’ ಕಾವ್ಯದ ವಸ್ತು ಇದೇ ನೆರೆ, ಇದರಲ್ಲಿ ಎಲ್ಲವನ್ನೂ ಕಳೆದುಕೊಂಡ ಸಣ್ಣ ಗುಮಾಸ್ತನೊಬ್ಬನ ಪಾಡು. 1924ರ ಸೆಪ್ಟೆಂಬರ್ 23ರ ನೆರೆ 380 ಸೆಂ.ಮೀ. ಏರಿ, ನೆವ್‌ಸ್ಕಿ ಬೀದಿಗೆ ಹಾಸಿದ್ದ ಮರದ ತುಂಡುಗಳನ್ನು ತೇಲಿಸಿಕೊಂಡು ಹೋಯಿತು.

ಕೊಲ್ಲಿಗೇ ಅಡ್ಡಗಟ್ಟೆ ಕಟ್ಟಬೇಕೆಂದು ಎಂಜಿನಿಯರ್ ಬಾಜೆನ್ 1824ರ ನೆರೆಯ ಬೆನ್ನಿಗೇ ಸೂಚಿಸಿದ್ದ. ಕೆಲಸ ಶುರುವಾದದ್ದು 1979ರಲ್ಲಿ. ನಡುವೆ ಹಣವಿಲ್ಲದೆ ವರ್ಷಗಟ್ಟಲೆ ನಿಂತು, 25 ಕಿ.ಮೀ. ಉದ್ದದ ಕಟ್ಟೆ 2011ರಲ್ಲಿ ಮುಗಿಯಿತು. ಹಡಗುಗಳು ಹಾಯಲು ಅದರಲ್ಲಿ ತೆರೆದಿಟ್ಟ ದ್ವಾರಗಳನ್ನು ಬಿರುಗಾಳಿಯ ಮುನ್ಸೂಚನೆ ಬಂದಾಗ ಮುಚ್ಚುತ್ತಾರೆ. ಅದೇ ವರ್ಷದ ನವೆಂಬರಿನಲ್ಲಿ ಸಮುದ್ರ ಏರಿ ಬಂತು. ದ್ವಾರಗಳು ಮುಚ್ಚಿದ್ದವು, ನೆರೆ ಊರೊಳಗೆ ಬರಲಿಲ್ಲ.